ಬಚ್ಚಲಿನ ನಳ್ಳಿಯ ಮೂತಿ

ಮನೆಯ ಅಂಗಾಂಗಗಳಲ್ಲಿ ಕೆಲವಕ್ಕೆ ಗೌರವ ಸಲ್ಲುತ್ತದೆ, ಕೆಲವಕ್ಕೆ ಸಲ್ಲುವುದಿಲ್ಲ. ಹೊಸ್ತಿಲಿಗೆ ಅರಸಿನ ಕುಂಕುಮವಿದೆ, ತುಳಸಿಕಟ್ಟೆಗೆ ಸಂಜೆಯ ದೀಪವಿದೆ, ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಗೂ ವರ್ಷಕ್ಕೊಮ್ಮೆ ಧೂಳು ಕೊಡವುವವರಿದ್ದಾರೆ. ಆದರೆ ಬಚ್ಚಲಿನ ತೊಟ್ಟಿಗೆ ನೀರು ಸುರಿಯುವ ನಳ್ಳಿಯ ಮೂತಿಯನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ದಿನಕ್ಕೆ ಹತ್ತು ಬಾರಿ ಅದರ ಕೊರಳು ತಿರುವುವ ನಮಗೆ ಅದು ಹಿತ್ತಾಳೆಯದೋ ಕಬ್ಬಿಣದ್ದೋ ಎಂದು ಕೇಳಿದರೆ ಉತ್ತರ ಹೊಳೆಯುವುದು ಕಷ್ಟ.

ನಮ್ಮ ಹಿರಿಯರು ನೀರಿನ ಮೂತಿಯನ್ನು ಹೀಗೆ ಕಡೆಗಣಿಸಿದವರಲ್ಲ. ಗರ್ಭಗುಡಿಯ ಅಭಿಷೇಕದ ನೀರು ಹೊರಬರುವಲ್ಲಿ ಗೋಮುಖವನ್ನು ಕಡೆದರು. ಜಗಲಿಗೆ ಬಂದ ನೆಂಟನಿಗೆ ಕಾಲು ತೊಳೆಯಲು ಇರಿಸಿದ ಗಿಂಡಿಗೆ ಕೊಕ್ಕಿನಂತಹ ಮೂತಿಯನ್ನಿಟ್ಟರು. ಅಂದಮೇಲೆ, ಬಚ್ಚಲಿನ ಮೂತಿಯೊಂದನ್ನು ಬದಲಾಯಿಸಿದ ವಿಚಾರವನ್ನು ನಾಲ್ಕು ಪುಟಗಳಲ್ಲಿ ಬರೆಯಲು ಹೊರಟ ನಮ್ಮನ್ನು ಸಹೃದಯ ವಾಚಕರು ನಕ್ಕು ತಳ್ಳಿಬಿಡಲಾರರೆಂದು ನಂಬಿದ್ದೇವೆ.

ನಮ್ಮ ಮನೆಯಿರುವುದು ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ, ಒಂದು ಗುಡ್ಡದ ಇಳಿಜಾರಿನಲ್ಲಿ. ಕೆಳಗೆ ಅಡಿಕೆ ತೋಟ, ಮೇಲೆ ಕೆಂಪು ಮುರಕಲ್ಲಿನ ಬೋಳು ನೆತ್ತಿ, ನಡುವೆ ಮನೆ. ಮನೆಗೆ ತಾಗಿ ಬಚ್ಚಲುಮನೆ. ಈ ಸೀಮೆಯ ಹಳೆಯ ಬಚ್ಚಲುಮನೆಗಳನ್ನು ಬಲ್ಲವರಿಗೆ ಅದರ ವರ್ಣನೆ ಬೇಕಿಲ್ಲ: ಒಂದು ಮೂಲೆಯಲ್ಲಿ ಒಲೆ, ಒಲೆಯ ಮೇಲೆ ತಾಮ್ರದ ಹಂಡೆ, ಪಕ್ಕದಲ್ಲಿ ಎದೆಯೆತ್ತರದ ತಣ್ಣೀರಿನ ತೊಟ್ಟಿ, ತೊಟ್ಟಿಯ ಮೇಲ್ಗಡೆ ಗೋಡೆಯಿಂದ ಹೊರಚಾಚಿದ ನಳ್ಳಿ. ಪಟ್ಟಣದ ದೊಡ್ಡ ಹೋಟೆಲುಗಳಲ್ಲಿಯೂ ಪರದೇಶದ ಮನೆಗಳಲ್ಲಿಯೂ ಕಾಣುವ, ಒಳಗೆ ಕಾಲು ನೀಡಿ ಮಲಗುವ ಬಾತ್‌ಟಬ್ಬು ಇದಲ್ಲ. ಇಲ್ಲಿ ತೊಟ್ಟಿಯೊಳಗೆ ನೀರು ಮಾತ್ರ ಇರುತ್ತದೆ. ಮನುಷ್ಯ ಹೊರಗೆ ನಿಂತು ಚೆಂಬಿನಲ್ಲಿ ಮೊಗೆದು ಮೀಯುತ್ತಾನೆ. ಆದರೆ ಎರಡಕ್ಕೂ ಮೂತಿ ಬೇಕು. ಎರಡರ ಮೂತಿಯೂ ಒಂದಲ್ಲ ಒಂದು ದಿನ ಕೆಡುತ್ತದೆ.

ನಮ್ಮದು ಕೆಟ್ಟದ್ದು ಕಳೆದ ವರ್ಷದ ಆಶ್ವಯುಜ ಮಾಸದಲ್ಲಿ, ದೀಪಾವಳಿಗೆ ಹತ್ತು ದಿನ ಉಳಿದಿರುವಾಗ. ಮೂತಿ ಹನಿಕ್ಕತೊಡಗಿತು. ನಳ್ಳಿ ಹನಿಕ್ಕಿದರೆ ಸಾಮಾನ್ಯವಾಗಿ ಒಳಗಿನ ರಬ್ಬರ್ ವಾಷರು ಸವೆದಿರುತ್ತದೆ. ಅದನ್ನು ಬದಲಾಯಿಸಿದರೆ ತೀರಿತು. ಇಲ್ಲಿ ಹಾಗಿರಲಿಲ್ಲ. ನೀರು ಬರುತ್ತಿದ್ದುದು ಮೂತಿಯ ತುದಿಯಿಂದಲ್ಲ, ಅದು ಗೋಡೆಯನ್ನು ಸೇರುವ ಕೊರಳಿನಿಂದ. ಬೆಳಕು ಹಿಡಿದು ನೋಡಿದಾಗ ಕೂದಲೆಳೆಯಷ್ಟು ಸಪುರದ ಬಿರುಕೊಂದು ಕಂಡಿತು.

ಒಂದು ಹನಿಯಲ್ಲವೇ ಎನ್ನಬಹುದು. ಕ್ಷಣಕ್ಕೊಂದರಂತೆ ಬಿದ್ದರೆ ದಿನಕ್ಕೆ 86,400 ಹನಿ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರೆಂದು ಹಿಡಿದರೂ ದಿನಕ್ಕೆ ನಾಲ್ಕು ಲೀಟರಿಗೆ ಮಿಗಿಲು, ವರ್ಷಕ್ಕೆ ಸಾವಿರದ ಐನೂರು ಲೀಟರಿಗೂ ಹೆಚ್ಚು. ಇದಕ್ಕಿಂತ ಹತ್ತಿರದ ಚಿಂತೆ ಇನ್ನೊಂದಿತ್ತು. ಆಶ್ವಯುಜ ಬಹುಳ ತ್ರಯೋದಶಿಯ ಸಂಜೆ ನಮ್ಮಲ್ಲಿ ನೀರು ತುಂಬುವ ಹಬ್ಬ. ಹಂಡೆಯನ್ನು ಹುಳಿ ಹಾಕಿ ತಿಕ್ಕಿ ಬೆಳಗಿ, ಶೇಡಿಯ ಗೆರೆಯೆಳೆದು, ಕೊರಳಿಗೆ ಕಾಡುಬಳ್ಳಿ ಸುತ್ತಿ, ಹೊಸ ನೀರು ತುಂಬಬೇಕು. ಮರುದಿನ ನಸುಕಿನಲ್ಲಿ ಎಣ್ಣೆ ಹಚ್ಚಿಕೊಂಡ ಮಕ್ಕಳೆಲ್ಲ ಆ ನೀರಿನಲ್ಲಿ ಮೀಯಬೇಕು. ವರ್ಷದಲ್ಲಿ ಒಂದು ಸಂಜೆಯಾದರೂ ಬಚ್ಚಲುಮನೆ ದೇವರಕೋಣೆಯ ಸಮಕ್ಕೆ ಏರುವ ದಿನ ಅದು. ಅಂದು ಮೂತಿ ಒಡೆದಿರುವುದನ್ನು ನಮ್ಮ ತಾಯಿಯವರು ಸಹಿಸುವ ಸಂಭವವಿರಲಿಲ್ಲ.

ಆ ಮೂತಿಯ ಹಿಂದಿನ ಕತೆಯನ್ನು ಸ್ವಲ್ಪ ಹೇಳಬೇಕು. ಅದು ನಮ್ಮ ಬಚ್ಚಲಿನ ಮೊದಲನೆಯ ಮೂತಿಯಲ್ಲ. ನಾವು ಚಿಕ್ಕವರಾಗಿದ್ದಾಗ ಗೋಡೆಯ ಅದೇ ಕಂಡಿಯಿಂದ ಒಳಕ್ಕೆ ಚಾಚಿಕೊಂಡಿದ್ದುದು ಅಡಿಕೆ ಮರದ ದಂಬೆ. ಫಲ ನಿಂತ ಹಳೆಯ ಅಡಿಕೆ ಮರವನ್ನು ಕಡಿದು, ಉದ್ದಕ್ಕೆ ಎರಡಾಗಿ ಸೀಳಿ, ಒಳಗಿನ ಮೆತ್ತಗಿನ ತಿರುಳನ್ನು ಕೆರೆದು ತೆಗೆದರೆ ಹೊರಗಿನ ಗಟ್ಟಿ ಕವಚ ದೋಣಿಯಂತೆ ಉಳಿಯುತ್ತದೆ. ಅದೇ ದಂಬೆ. ಕವೆಗೋಲುಗಳ ಮೇಲೆ ಒಂದರ ತುದಿಯನ್ನು ಇನ್ನೊಂದರ ತಲೆಯ ಮೇಲಿರಿಸುತ್ತ ಗುಡ್ಡದಿಂದ ಬಚ್ಚಲಿನವರೆಗೆ ಸಾಲಾಗಿ ಕಟ್ಟುತ್ತಿದ್ದರು. ಅದಕ್ಕೆ ಮೊಳೆಯಿಲ್ಲ, ಅಂಟಿಲ್ಲ, ತಿರುಪಿಲ್ಲ. ಕೊನೆಯ ದಂಬೆಯ ತುದಿಯೇ ಬಚ್ಚಲಿನ ಮೂತಿ. ಬಿಸಿಲು ಮಳೆಗಳಲ್ಲಿ ಅದು ಲಡ್ಡಾದಾಗ ತೋಟದಲ್ಲಿಯೇ ಇನ್ನೊಂದು ಮರವಿರುತ್ತಿತ್ತು. ಬೆಳಗ್ಗೆ ಕಡಿದು ಸಂಜೆಯೊಳಗೆ ಹೊಸ ಮೂತಿಯಿಂದ ನೀರು ಬೀಳುತ್ತಿತ್ತು.

ಆ ಮೂತಿಗೆ ನಿಲ್ಲಿಸುವ ಕೊರಳು ಇರಲಿಲ್ಲ. ಹಗಲಿರುಳು ನೀರು ಬೀಳುತ್ತಲೇ ಇತ್ತು. ನೀರಿನ ಆ ಸದ್ದಿಲ್ಲದೆ ನಮಗೆ ನಿದ್ದೆ ಬರುತ್ತಿರಲಿಲ್ಲ. ಹಾಗೆಂದು ನೀರು ಹಾಳಾಗುತ್ತಿತ್ತೆಂದು ಭಾವಿಸಬಾರದು. ತೊಟ್ಟಿ ತುಂಬಿ ಉಕ್ಕಿದ್ದು ಕಣಿಯಲ್ಲಿ ಹರಿದು ಬಾಳೆಯ ಬುಡಕ್ಕೆ, ಬಾಳೆ ಕುಡಿದು ಬಿಟ್ಟದ್ದು ಅಡಿಕೆಯ ಬುಡಕ್ಕೆ ಹೋಗುತ್ತಿತ್ತು.

ಈ ನೀರು ಬರುತ್ತಿದ್ದುದು, ಇಂದಿಗೂ ಬರುತ್ತಿರುವುದು, ಬಾವಿಯಿಂದಲ್ಲ, ಹೊಳೆಯಿಂದಲೂ ಅಲ್ಲ; ಮನೆಯ ಮೇಲ್ಗಡೆಯ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ. ಕಾಸರಗೋಡಿನ ಒಳನಾಡಿನಲ್ಲಿಯೂ ಅದಕ್ಕೆ ತಾಗಿದ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿಯೂ ಇರುವವರಿಗೆ ಇದು ಹೊಸ ಸಂಗತಿಯಲ್ಲ. ಆದರೆ ಮುಂಬಯಿ, ಬೆಂಗಳೂರುಗಳಲ್ಲಿ ಬೆಳೆಯುತ್ತಿರುವ ನಮ್ಮದೇ ಮಕ್ಕಳಿಗೆ ಸುರಂಗವೆಂದರೆ ರೈಲು ಹೋಗುವ ದಾರಿ. ಆದುದರಿಂದ ಎರಡು ಮಾತು ಹೇಳುವುದು ಅವಶ್ಯ.

ಈ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಇಳಿಜಾರಿನ ಮೇಲೆ ಬಿದ್ದುದರಲ್ಲಿ ಹೆಚ್ಚಿನದು ಓಡಿಹೋಗುತ್ತದೆ, ಉಳಿದದ್ದು ತೂತುತೂತಾದ ಮುರಕಲ್ಲಿನೊಳಗೆ ಇಂಗುತ್ತದೆ. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಆಂಗ್ಲರ ವೈದ್ಯಾಧಿಕಾರಿ ಮಲಬಾರಿನ ಅಂಗಾಡಿಪುರದಲ್ಲಿ ಕಂಡ ಈ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಲ್ಯಾಟಿನಿನಲ್ಲಿ ಅದಕ್ಕೆ ಇಟ್ಟಿಗೆಯೆಂಬ ಅರ್ಥ. ನೆಲದೊಳಗಿರುವಾಗ ಕತ್ತಿಗೂ ಒಗ್ಗುವಷ್ಟು ಮೆದುವಾಗಿದ್ದು, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುವುದು ಇದರ ಗುಣ. ಮನುಷ್ಯನೊಬ್ಬ ಕೈಪಿಕ್ಕಾಸಿನಿಂದ ಗುಡ್ಡವನ್ನು ಕೊರೆಯಬಹುದಾದದ್ದೂ, ಕೊರೆದ ದಾರಿ ಕಂಬ ತೊಲೆಗಳಿಲ್ಲದೆ ತಲೆಮಾರುಗಳ ಕಾಲ ನಿಲ್ಲುವುದೂ ಈ ಗುಣದಿಂದಲೇ.

ಸುರಂಗವೆಂದರೆ ಒಬ್ಬನು ತುಸು ಬಾಗಿ ನಡೆಯುವಷ್ಟು ಎತ್ತರ, ಎರಡು ಭುಜಗಳು ಹಿಡಿಯುವಷ್ಟು ಅಗಲ. ಉದ್ದ ಕೆಲವೇ ಗಜಗಳಿರಬಹುದು, ನೂರು ಮೀಟರಿಗೂ ಮಿಕ್ಕಿರಬಹುದು. ನೆಲ ಒಳಗಿನಿಂದ ಬಾಯಿಯ ಕಡೆಗೆ ತುಸು ಇಳಿಜಾರಾಗಿರಬೇಕು. ಕೊರೆಯುವವನು ಮೋಂಬತ್ತಿಯನ್ನೋ ದೀಪವನ್ನೋ ಹಚ್ಚಿಟ್ಟು ಕೆಲಸ ಮಾಡುತ್ತಾನೆ. ಜ್ವಾಲೆ ಕುಗ್ಗಿದರೆ ಉಸಿರಾಡುವ ಗಾಳಿ ಕಡಿಮೆಯಾಯಿತೆಂದು ತಿಳಿದು ಹೊರಬರುತ್ತಾನೆ. ಉದ್ದದ ಸುರಂಗಗಳಿಗೆ ಮೇಲಿನಿಂದ ಗಾಳಿಗಂಡಿಗಳನ್ನು ತೋಡುವುದುಂಟು. ನೀರಿನ ಒಸರು ಸಿಕ್ಕಿದರೆ ಪುಣ್ಯ, ಸಿಕ್ಕದಿದ್ದರೆ ತಿಂಗಳುಗಟ್ಟಲೆಯ ದುಡಿಮೆ ಮಣ್ಣುಪಾಲು. ದಕ್ಷಿಣ ಕನ್ನಡದ ಅಡ್ಯನಡ್ಕದ ಸಮೀಪದ ಅಮೈ ಮಹಾಲಿಂಗ ನಾಯ್ಕರು ಹೀಗೆ ಹಲವು ಸುರಂಗಗಳು ಬರಡಾದ ಮೇಲೆಯೂ ಪಿಕ್ಕಾಸು ಕೆಳಗಿಡದೆ, ಒಬ್ಬರೇ ಕೊರೆದು, ಬೋಳುಗುಡ್ಡದಲ್ಲಿ ತೋಟವೆಬ್ಬಿಸಿದರು; 2022ರಲ್ಲಿ ಅವರಿಗೆ ಪದ್ಮಶ್ರೀ ಘೋಷಿತವಾಯಿತು.

ಪರ್ಷಿಯಾ ದೇಶದ ಕನಾತುಗಳೂ ನಮ್ಮ ಬೀದರದ ಕರೇಜ್ ಕಾಲುವೆಗಳೂ ಇದೇ ಬಳಗದವು. ಪರ್ಷಿಯಾದ ಕನಾತುಗಳು 2016ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಅವು ಊರಿಗೆ, ಕೋಟೆಗೆ, ಹೊಲಗಳಿಗೆ ನೀರುಣಿಸಲು ತೋಡಿದ ದೊಡ್ಡ ರಚನೆಗಳು. ನಮ್ಮವು ಒಂದೊಂದು ಮನೆ, ಒಂದೊಂದು ತೋಟ ತನಗಾಗಿ ತೋಡಿಸಿಕೊಂಡವು. ಆದುದರಿಂದ ಅವುಗಳನ್ನು ಕಾಯುವ ಹೊಣೆಯೂ ಆಯಾ ಮನೆಯದೇ. ನಮ್ಮ ಬಚ್ಚಲಿನ ಮೂತಿ ಎಂಬುದು ಅಂತಹ ಒಂದು ದಾರಿಯ ಕೊನೆಯ ಗೇಣು.

ಅನಂತರದ ಕಾಲದಲ್ಲಿ ಸುರಂಗದ ಬಾಯಿಯ ಬಳಿ ಸಿಮೆಂಟಿನ ಟಾಂಕಿ ಬಂತು. ದಂಬೆಯ ಸ್ಥಾನಕ್ಕೆ ಕಬ್ಬಿಣದ ಪೈಪು, ಅದು ತುಕ್ಕು ಹಿಡಿದ ಮೇಲೆ ಕರಿಯ ಪ್ಲಾಸ್ಟಿಕ್ ಪೈಪು ಬಂತು. ಗೋಡೆಗೆ ಹಿತ್ತಾಳೆಯ ನಳ್ಳಿ ಬಂತು. ಕಳೆದ ವರ್ಷ ಬಿರಿದದ್ದು ಆ ನಳ್ಳಿ. ಅಂಗಡಿಯವನು ಮೂವತ್ತು ವರ್ಷ ಬಾಳುತ್ತದೆಂದಿದ್ದ ವಸ್ತು ಅದರ ಅರ್ಧವನ್ನೂ ಬಾಳಲಿಲ್ಲ. ವಸ್ತುವಿನ ದೋಷವೆನ್ನುವ ಮೊದಲು ನೀರಿನ ಗುಣವನ್ನು ತಿಳಿಯಬೇಕು. ಮುರಕಲ್ಲಿನೊಳಗಿನಿಂದ ಬರುವ ನೀರು ಮೆದುವಾದದ್ದು, ಸಾಬೂನಿಗೆ ಚೆನ್ನಾಗಿ ನೊರೆ ಕೊಡುವಂಥದು. ಆದರೆ ಸ್ವಲ್ಪ ಹುಳಿಗುಣದ್ದು. ಕುಡಿಯುವ ನೀರಿನ ಪಿಎಚ್ 6.5ರಿಂದ 8.5ರೊಳಗಿರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಈ ಕರಾವಳಿಯ ಮುರಕಲ್ಲಿನ ನೀರು ಅನೇಕ ಕಡೆ ಆ ಕೆಳಮಿತಿಗಿಂತಲೂ ಕೆಳಗಿರುತ್ತದೆ. ಅಂತಹ ನೀರು ಕಬ್ಬಿಣದ ಪೈಪಿನ ಸತುವಿನ ಲೇಪವನ್ನು ತಿನ್ನುತ್ತದೆ. ಹಿತ್ತಾಳೆ ತಾಮ್ರ ಸತುಗಳ ಮಿಶ್ರಣವಷ್ಟೆ. ಅದರಿಂದಲೂ ಸತುವನ್ನು ಮೆಲ್ಲಮೆಲ್ಲನೆ ಹೀರಿ, ಗೆದ್ದಲು ತಿಂದ ಮರದಂತೆ ಟೊಳ್ಳಾದ ತಾಮ್ರವನ್ನು ಉಳಿಸುತ್ತದೆ. ಮುರಿದ ಹಿತ್ತಾಳೆಯ ಒಳಮೈ ಹಳದಿಯಾಗಿರದೆ ಕೆಂಪಾಗಿ ಕಂಡರೆ ಇದೇ ಕಾರಣವೆಂದು ತಿಳಿಯಬಹುದು. ಹಂಡೆಯೊಳಗೆ ಹಸುರು ಕಿಲುಬು ಕಟ್ಟುವುದೂ ಈ ಗುಣದಿಂದಲೇ. ನಮ್ಮ ಹೆಂಗಸರು ಅದನ್ನು ವಿಜ್ಞಾನಿಗಳಿಗಿಂತ ಮೊದಲೇ ಬಲ್ಲರು. ಅಡಿಕೆಯ ದಂಬೆಗೆ ಮಾತ್ರ ಈ ಹುಳಿಯ ಭಯವಿರಲಿಲ್ಲ.

ಮೊದಲಿಗೆ ಪ್ಲಂಬರನನ್ನು ಕರೆಸಿದೆವು. ಊರಿನವನೇ, ಕೆಲಸ ಬಲ್ಲ ತರುಣ. ಅವನು ಕೊರಳನ್ನು ಬೆರಳಿನಿಂದ ತಟ್ಟಿ ನೋಡಿ ಹೇಳಿದ: “ಅಣ್ಣಾ, ಇದೊಂದನ್ನು ಬದಲಾಯಿಸಿ ಪ್ರಯೋಜನವಿಲ್ಲ. ಗುಡ್ಡದಿಂದ ಬರುವ ಆ ಲೈನನ್ನೇ ಕಡಿದುಬಿಡುವ. ಕೊಳವೆಬಾವಿಯ ನೀರು ಮಾಳಿಗೆಯ ಟಾಂಕಿಗೆ ಬರುತ್ತದಲ್ಲ, ಅದರಿಂದ ಬಚ್ಚಲಿಗೆ ಒಂದು ಪೈಪು ಎಳೆದರೆ ಮುಗಿಯಿತು. ಹಬ್ಬ ಕಳೆದ ಮೇಲೆ ಬಂದು ಎರಡು ದಿನದಲ್ಲಿ ಮಾಡಿಕೊಡುತ್ತೇನೆ.” ಅವನ ಮಾತಿನಲ್ಲಿ ದುರಾಶೆಯಿರಲಿಲ್ಲ. ಹಬ್ಬದ ಮುಂಚೆ ಅವನಿಗೆ ಹತ್ತು ಮನೆಗಳ ಕೆಲಸವಿತ್ತು.

ಅಂದು ರಾತ್ರಿ ಊಟದ ಹೊತ್ತಿಗೆ ಮನೆಯೊಳಗೆ ಈ ವಿಚಾರ ಚರ್ಚೆಗೆ ಬಂತು. ಸೊಸೆ ಪ್ಲಂಬರನ ಪಕ್ಷ. “ಮಾವ, ಬೇಸಗೆಯಲ್ಲಿ ಅದು ನೂಲಿನಷ್ಟು ಬರುತ್ತದೆ. ತೊಟ್ಟಿ ತುಂಬಲು ಅರ್ಧ ದಿನ ಬೇಕು. ಮಕ್ಕಳನ್ನು ಶಾಲೆಗೆ ಕಳುಹಿಸುವ ಹೊತ್ತಿಗೆ ಯಾರು ಕಾಯುತ್ತಾರೆ?” ಎಂದಳು. ಅವಳ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಎಪ್ರಿಲ್ ಮೇ ತಿಂಗಳುಗಳಲ್ಲಿ ಸುರಂಗ ಬಡವಾಗುತ್ತದೆ. ನಮ್ಮ ತಾಯಿಯವರು ಹೇಳಿದ್ದು ಒಂದೇ ಮಾತು: “ಕರೆಂಟು ಹೋದ ದಿನ ಮೀಯುವುದು ಯಾವ ನೀರಿನಲ್ಲಿ?” ಹೋದ ಮಳೆಗಾಲದಲ್ಲಿ ಮರ ಬಿದ್ದು ನಾಲ್ಕು ದಿನ ವಿದ್ಯುತ್ತಿಲ್ಲದಾಗ ಈ ಮನೆಗೆ ನೀರು ಕೊಟ್ಟದ್ದು ಗುಡ್ಡವೇ ಹೊರತು ಪಂಪಲ್ಲ. ಅತ್ತೆಯ ಮಾತಿಗೆ ಸೊಸೆ ಮರುನುಡಿಯಲಿಲ್ಲ. ಆದರೆ ಒಪ್ಪಿದಳೆಂದೂ ಹೇಳಲಾಗದು.

ನಮ್ಮನ್ನು ಕಾಡಿದ್ದು ಬೇರೊಂದು ಯೋಚನೆ. ಈ ಸುತ್ತಿನಲ್ಲಿ ಸುರಂಗಗಳು ಹಾಳಾದ ಬಗೆಯನ್ನು ನಾವು ನೋಡಿದ್ದೇವೆ. ಯಾರೂ ಅವುಗಳನ್ನು ಮುಚ್ಚಲಿಲ್ಲ. ಮನೆಗೆ ಬೇರೆ ನೀರು ಬಂದಮೇಲೆ ಅತ್ತ ಹೋಗುವವರಿಲ್ಲವಾದರು, ಅಷ್ಟೆ. ಮಳೆಗಾಲದಲ್ಲಿ ಬಾಯಿಯ ಬಳಿ ಮಣ್ಣು ಜರಿದು ಬೀಳುತ್ತದೆ, ತೆಗೆಯುವವರಿಲ್ಲ. ಬೇರುಗಳು ಇಳಿಯುತ್ತವೆ, ಮುಳ್ಳುಹಂದಿ ಹೊಗುತ್ತದೆ, ಬಾವಲಿಗಳು ನೇತಾಡುತ್ತವೆ. ಹತ್ತು ವರ್ಷಗಳಲ್ಲಿ ಬಾಯಿ ಎಲ್ಲಿತ್ತೆಂದು ತೋರಿಸುವವರೇ ಉಳಿಯುವುದಿಲ್ಲ. ಬಚ್ಚಲಿನ ಮೂತಿಗೆ ನೀರು ಬರುತ್ತಿರುವ ತನಕ, ನೀರು ತಗ್ಗಿದೊಡನೆ ಯಾರಾದರೊಬ್ಬರು ಗುಡ್ಡ ಹತ್ತಿ ನೋಡಲೇಬೇಕು. ಮೂತಿಯನ್ನು ಕಡಿದರೆ ಕಾಲುದಾರಿಯನ್ನೂ ಕಡಿದಂತೆ.

ಹೀಗೆ ಯೋಚಿಸಿ ನಾವು ತೀರ್ಮಾನಿಸಿದ್ದು: ಸೊಸೆಯ ಅನುಕೂಲಕ್ಕಾಗಿ ಹಬ್ಬದ ಬಳಿಕ ಕೊಳವೆಬಾವಿಯ ನೀರಿನ ನಳ್ಳಿಯೊಂದು ಇದೇ ತೊಟ್ಟಿಗೆ ಬರಲಿ, ಬೇಸಗೆಗೆ ಆಗುತ್ತದೆ, ಆದರೆ ಸುರಂಗದ ನಳ್ಳಿ ತನ್ನ ಸ್ಥಾನದಲ್ಲಿಯೇ ಇರಲಿ, ಹಬ್ಬದ ಮೊದಲೇ ಹೊಸದಾಗಲಿ. ಪ್ಲಂಬರನಿಗೆ ಬಿಡುವಿಲ್ಲದುದರಿಂದ ಕೆಲಸ ನಮ್ಮ ಕೈಯಿಂದಲೇ ಆಗಬೇಕಿತ್ತು. ಸಹಾಯಕ್ಕೆ ಎಂಟನೆಯ ತರಗತಿಯ ಮೊಮ್ಮಗನಿದ್ದ.

ಹೊಸ ಮೂತಿಯ ಆಯ್ಕೆಯಲ್ಲಿ ಒಂದು ವಿನೋದ ನಡೆಯಿತು. ನಮ್ಮ ಅಕ್ಕನ ಮಗಳು ಅಮೆರಿಕದಲ್ಲಿ ಸಂಸಾರ ಹೂಡಿದ್ದಾಳೆ. ತನ್ನ ಮನೆಯ ಬಾತ್‌ಟಬ್ಬಿನ ಮೂತಿಯನ್ನು ತಾನೇ ಬದಲಾಯಿಸಿದ ಹೆಮ್ಮೆ ಅವಳದು. ಅಲ್ಲಿ ಮೂತಿಗಳಲ್ಲಿ ಎರಡು ಜಾತಿಯಂತೆ. ಒಂದು ತಿರುಪಿನದು, ಇಡೀ ಮೂತಿಯನ್ನು ಎಡಕ್ಕೆ ತಿರುವಿದರೆ ಬಿಚ್ಚಿ ಬರುತ್ತದೆ. ಇನ್ನೊಂದು ತಾಮ್ರದ ಪೈಪಿನ ಮೇಲೆ ಸರಿಸಿ ಕೂರಿಸುವಂಥದು. ಅದರ ಹೊಟ್ಟೆಯಡಿ ಸಣ್ಣ ತೂತಿನೊಳಗೆ ಅಡಗಿದ ಮೊಳೆತಿರುಪನ್ನು ಮೊದಲು ಸಡಿಲಿಸಬೇಕು. ಅದನ್ನು ನೋಡದೆ ಬಲಪ್ರಯೋಗ ಮಾಡಿದರೆ ಗೋಡೆಯೊಳಗಿನ ಪೈಪೇ ಹಿಂಡಿಹೋಗುತ್ತದೆ. ಹಿಂದಿನ ಸಲ ಊರಿಗೆ ಬಂದಾಗ ಅವಳು ತನ್ನದರ ಜೋಡಿಯೊಂದನ್ನು ಅಜ್ಜಿಯ ಬಚ್ಚಲಿಗೆಂದು ತಂದುಕೊಟ್ಟಿದ್ದಳು. ಕನ್ನಡಿಯಂತೆ ಹೊಳೆಯುವ ಅದನ್ನು ಮೊಮ್ಮಗ ಈಗ ಕಪಾಟಿನಿಂದ ಹೊರತೆಗೆದ. ನೋಡಿದರೆ ಅದರದು ಒಳತಿರುಪು. ನಮ್ಮ ಗೋಡೆಯದೂ ಒಳತಿರುಪು. ಬಾಯಿ ತೆರೆದ ಎರಡು ಮೂತಿಗಳು ಪರಸ್ಪರ ನೋಡುತ್ತ ಉಳಿದವು. ನಡುವೆ ತುಂಡು ಪೈಪು ಕೊಟ್ಟರೂ ಸರಿಹೋಗುವಂತಿರಲಿಲ್ಲ: ಅಮೆರಿಕದ ಅರ್ಧ ಇಂಚಿನ ತಿರುಪಿಗೂ ನಮ್ಮಲ್ಲಿ ಉಳಿದುಬಂದ ಬ್ರಿಟಿಷ್ ಪದ್ಧತಿಯ ಅರ್ಧ ಇಂಚಿನ ತಿರುಪಿಗೂ ಇಂಚಿಗೆ 14 ಸುತ್ತುಗಳೇ ಆದರೂ, ಹಲ್ಲಿನ ಕೋನ ಅಲ್ಲಿ 60 ಅಂಶ, ಇಲ್ಲಿ 55 ಅಂಶ. ಏರಿದಂತೆ ಕಂಡರೂ ನೀರು ಹಿಡಿಯುವ ಭರವಸೆಯಿಲ್ಲ. ಅಮೆರಿಕದ ಮೂತಿ ಮರಳಿ ಕಪಾಟು ಸೇರಿತು.

ಪೆರ್ಲದ ಅಂಗಡಿಯಲ್ಲಿ ಎರಡು ವಿಷಯಗಳನ್ನು ವಿಚಾರಿಸಿ ಕೊಂಡೆವು. ಮೊದಲನೆಯದು, ಹುಳಿನೀರಿಗೆ ತಾಳುವ ವಸ್ತು. ಸತು ಕಡಿಮೆಯಿರುವ ಗನ್‌ಮೆಟಲ್ ಅಥವಾ ಒಳ್ಳೆಯ ಜಾತಿಯ ಪ್ಲಾಸ್ಟಿಕ್ ಇಂತಹ ನೀರಿಗೆ ಹಿತ್ತಾಳೆಗಿಂತ ಮೇಲು. ಎರಡನೆಯದು, ಒಳದಾರಿಯ ಅಗಲ. ಈಗಿನ ಅನೇಕ ನಳ್ಳಿಗಳ ತುದಿಯಲ್ಲಿ ನೊರೆನೊರೆಯಾಗಿ ನೀರು ಬೀಳಲೆಂದು ಜಾಲರಿಯಿರುತ್ತದೆ. ಅದಕ್ಕೆ ಮಾಳಿಗೆಯ ಟಾಂಕಿಯ ಒತ್ತಡ ಬೇಕು. ನಮ್ಮ ಸುರಂಗದ ಟಾಂಕಿ ಬಚ್ಚಲಿಗಿಂತ ಹನ್ನೆರಡು ಅಡಿಯಷ್ಟೇ ಮೇಲಿದೆ; ಅಷ್ಟು ಸಣ್ಣ ಒತ್ತಡಕ್ಕೆ ಜಾಲರಿಯಿಲ್ಲದ, ಬಾಯಿ ಅಗಲವಾದ, ಹಳೆಯ ಮಾದರಿಯದೇ ಯೋಗ್ಯ.

ಕೆಲಸದ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಓದುಗರಲ್ಲಿ ಯಾರಿಗಾದರೂ ಉಪಯೋಗವಾದೀತು. ಮೊದಲು ಹೊರಗಿನ ವಾಲ್ವನ್ನು ಮುಚ್ಚಿ, ಪೈಪಿನಲ್ಲಿ ಉಳಿದ ನೀರನ್ನು ಹರಿಯಬಿಡಬೇಕು. ತೊಟ್ಟಿಯೊಳಗೆ ಗೋಣಿ ಹಾಸಿದರೆ, ಜಾರಿದ ಸಲಕರಣೆ ತಳವನ್ನು ಒಡೆಯದು. ಗೋಡೆಯ ಗಾರೆಯನ್ನು ಸ್ವಲ್ಪ ಬಿಡಿಸಿ ಒಳಗಿನ ಪೈಪಿನ ತಲೆಯನ್ನು ಒಂದು ಸ್ಪ್ಯಾನರಿನಿಂದ ಬಿಗಿಯಾಗಿ ಹಿಡಿದು, ಇನ್ನೊಂದರಿಂದ ನಳ್ಳಿಯನ್ನು ಎಡಕ್ಕೆ ತಿರುವಬೇಕು. ಹಿಡಿಯುವ ಕೈ ತಿರುವುವ ಕೈಗಿಂತ ಮುಖ್ಯ. ಇಲ್ಲವಾದರೆ ಮೂತಿಯ ಬದಲು ಗೋಡೆಯೊಳಗಿನ ಜೋಡಣೆ ತಿರುಗುತ್ತದೆ.

ನಾವು ಎಣಿಸಿದ್ದಂತೆಯೇ ಕೊರಳು ಬಿರುಕಿನಲ್ಲಿ ಮುರಿದು, ತಿರುಪಿನ ತುಂಡು ಗೋಡೆಯೊಳಗೇ ಉಳಿಯಿತು. ಮುರಿದ ಮೈ ತಾಮ್ರದಂತೆ ಕೆಂಪಾಗಿ, ರಸ್ಕಿನಂತೆ ಪುಡಿಪುಡಿಯಾಗಿತ್ತು. ಗರಗಸದ ಬರಿಯ ಅಲಗಿನಿಂದ ಆ ತುಂಡನ್ನು ಒಳಗಡೆಯಿಂದ ಎರಡು ಕಡೆ ಸೀಳಿದೆವು. ಹೊರಗಿನ ತಿರುಪಿಗೆ ಅಲಗು ತಾಗದಂತೆ ಮೊಮ್ಮಗ ಟಾರ್ಚು ಹಿಡಿದು ಒಂದೊಂದೆಳೆಯನ್ನೂ ನೋಡಿ ಹೇಳುತ್ತಿದ್ದ. ಸಣ್ಣ ಉಳಿಯಿಂದ ಒಳಕ್ಕೆ ತಟ್ಟಿದಾಗ ತುಂಡು ಮಡಚಿ ಹೊರಬಂತು. ಹಿಂದೆ ತಿರುಪಿಗೆ ಸಣಬಿನ ನಾರು ಸುತ್ತಿ ಬಿಳಿಯ ಸಫೇದ ಬಳಿಯುತ್ತಿದ್ದರು. ಆ ಸಫೇದದಲ್ಲಿ ಸೀಸವಿರುತ್ತಿದ್ದುದರಿಂದ ಈಗ ಅದು ಬೇಡ. ತೆಳುವಾದ ಟೆಫ್ಲಾನ್ ಪಟ್ಟಿಯನ್ನು, ತಿರುಪಿನ ತುದಿ ನಮಗೆ ಎದುರಾಗಿರುವಂತೆ ಹಿಡಿದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಎಳೆದು ಹತ್ತು ಹನ್ನೆರಡು ಸುತ್ತು ಸುತ್ತಬೇಕು. ವಿರುದ್ಧವಾಗಿ ಸುತ್ತಿದರೆ ಬಿಗಿಯುವಾಗ ಬಿಚ್ಚಿಕೊಳ್ಳುತ್ತದೆ. ಮೊದಲು ಕೈಯಿಂದಲೇ ಏರಿಸಿ, ಕೊನೆಯ ಒಂದೆರಡು ಸುತ್ತಿಗೆ ಮಾತ್ರ ಸ್ಪ್ಯಾನರು ಹಿಡಿಯಬೇಕು. ಮೂತಿ ಕೆಳಮುಖವಾದಲ್ಲಿ ನಿಲ್ಲಿಸಬೇಕು.

ಕೆಲಸದ ನಡುವೆ ಹುಡುಗ ಕೇಳಿದ, “ಅಜ್ಜಾ, ಇದಕ್ಕೆ ಅಂಗಡಿಯಲ್ಲಿ ಪಿರಿ ಎಂದರು. ನೀವು ತಿರುಪು ಎನ್ನುತ್ತೀರಿ. ಕನ್ನಡದಲ್ಲಿ ಯಾವುದು ಸರಿ?” ಅವನು ಓದುವುದು ಇಂಗ್ಲಿಷ್ ಮಾಧ್ಯಮದಲ್ಲಿ, ಆಡುವುದು ಮಲಯಾಳ, ಮನೆಯಲ್ಲಿ ಕೇಳುವುದು ಕನ್ನಡ ತುಳುಗಳು. ಮಲಯಾಳದ ಪಿರಿ, ನಮ್ಮ ಹಗ್ಗದ ಹುರಿ ಎರಡೂ ಒಂದೇ ಬೇರಿನಿಂದ ಬಂದವು, ಹೊಸೆಯುವುದು, ತಿರುಚುವುದು ಎಂಬ ಅರ್ಥದವು ಎಂದು ತಿಳಿಸಿದೆವು. ಅವನಿಗೆ ಅದು ಬಹಳ ಹಿಡಿಸಿತು. ಆದರೆ ದಂಬೆಯೆಂಬ ಪದವನ್ನು ಅವನು ಕೇಳಿಯೇ ಇರಲಿಲ್ಲ. ಕಾಣದ ವಸ್ತುವಿನ ಹೆಸರು ಕಿವಿಯಲ್ಲಿ ಎಷ್ಟು ಕಾಲ ನಿಂತೀತು? 1956ರ ನವೆಂಬರ್ ಒಂದರಂದು ಈ ಸೀಮೆ ಕೇರಳಕ್ಕೆ ಸೇರಿದಂದಿನಿಂದ ಭಾಷೆಯ ಅಳಿವು ಉಳಿವುಗಳ ಕುರಿತು ನಾವು ಸಭೆಗಳಲ್ಲಿ ಬೇಕಾದಷ್ಟು ಮಾತನಾಡಿದ್ದೇವೆ. ಅದು ಬೇಡವೆನ್ನುವುದಿಲ್ಲ. ಆದರೆ ಸುರಂಗ, ದಂಬೆ, ಒಸರು, ಕಣಿ ಎಂಬ ಮಾತುಗಳು ಉಳಿಯಬೇಕಾದರೆ ಅವುಗಳೊಳಗೆ ನೀರು ಹರಿಯುತ್ತಿರಬೇಕು.

ಆದುದರಿಂದ ವಾಲ್ವನ್ನು ತೆರೆಯುವ ಮೊದಲು ಹುಡುಗನನ್ನು ಕರೆದುಕೊಂಡು ಗುಡ್ಡ ಹತ್ತಿದೆವು. ಟಾಂಕಿಯ ತಳದ ಕೆಸರನ್ನು ಬಾಚಿ ತೆಗೆದೆವು. ಸುರಂಗದ ಬಾಯಿಗೆ ಮಳೆಯಲ್ಲಿ ಬಂದು ಬಿದ್ದ ಮಣ್ಣನ್ನು ಎರಡು ಬುಟ್ಟಿ ಎತ್ತಿ ಹಾಕಿದೆವು. ಹುಡುಗ ಒಳಗೆ ಟಾರ್ಚು ಬಿಟ್ಟು, ಗೋಡೆಯ ಮೇಲಿನ ಪಿಕ್ಕಾಸಿನ ಗೀರುಗಳನ್ನು ಕಂಡು, ಇದನ್ನು ಯಾವ ಯಂತ್ರ ಮಾಡಿತೆಂದು ಕೇಳಿದ. ಯಂತ್ರವಲ್ಲ, ಕೂಲಿಗೆ ಬಂದ ಇಬ್ಬರು ಮನುಷ್ಯರು, ನಿನ್ನ ಮುತ್ತಜ್ಜನ ಕಾಲದಲ್ಲಿ ಎಂದಾಗ ಅವನು ಬಹಳ ಹೊತ್ತು ಏನೂ ಕೇಳಲಿಲ್ಲ. ಆ ಇಬ್ಬರ ಹೆಸರು ನಮ್ಮ ಮನೆಯ ಯಾವ ಪುಸ್ತಕದಲ್ಲಿಯೂ ಇಲ್ಲ. ತಾಯಿಯವರಿಗೆ ಒಬ್ಬನ ಹೆಸರು ಮಾತ್ರ ನೆನಪಿತ್ತು; ಅದನ್ನು ಹುಡುಗ ತನ್ನ ನೋಟುಪುಸ್ತಕದಲ್ಲಿ ಬರೆದುಕೊಂಡ.

ತ್ರಯೋದಶಿಯ ಸಂಜೆ ಹೊಸ ಮೂತಿಯಿಂದ ಹಂಡೆ ತುಂಬಿತು. ಮೊದಲ ಎರಡು ಕೊಡ ನೀರನ್ನು ಹೊರಗೆ ಬಿಟ್ಟೆವು; ಹೊಸ ಲೋಹದ ಪುಡಿ, ಎಣ್ಣೆಯ ಜಿಡ್ಡು ಹೋಗಲೆಂದು. ಕೊರಳಿಗೆ ಒಣಬಟ್ಟೆ ಸುತ್ತಿ ಒಂದು ತಾಸು ಬಿಟ್ಟು ನೋಡಿದಾಗ ಬಟ್ಟೆ ಒಣಗಿಯೇ ಇತ್ತು. ತಾಯಿಯವರು ಮೂತಿಗೂ ಶೇಡಿಯ ಒಂದು ಬೊಟ್ಟು ಇಟ್ಟರು. ಸೊಸೆಯೇ ಬಳ್ಳಿ ಸುತ್ತಿದಳು.

ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಎಷ್ಟೋ ಕಡೆ ಹಿರಿಯರಿಬ್ಬರೇ ಉಳಿದಿರುತ್ತಾರೆ, ಮಕ್ಕಳು ರಜೆಗೆ ಬರುತ್ತಾರೆ. ಅಂತಹ ರಜೆಯಲ್ಲಿ ಒಮ್ಮೆ ಬಚ್ಚಲಿನ ಮೂತಿಯನ್ನು ಪರೀಕ್ಷಿಸಿರಿ. ಕೊರಳಲ್ಲಿ ಹಸುರು ಕಲೆಯಿದೆಯೇ, ತಟ್ಟಿದರೆ ಸದ್ದು ಟೊಳ್ಳಾಗಿದೆಯೇ ನೋಡಿರಿ. ಬಾವಿಯಾಗಲಿ, ಸುರಂಗವಾಗಲಿ, ಕೊಳವೆಬಾವಿಯಾಗಲಿ, ನೀರು ಬಂದ ದಾರಿಯಲ್ಲಿ ಮಕ್ಕಳೊಡನೆ ಹಿಂದಕ್ಕೆ ನಡೆದು ಮೂಲದವರೆಗೆ ಹೋಗಿ ಬನ್ನಿರಿ. ಅದಕ್ಕೆ ಅರ್ಧ ದಿನ ಸಾಕು, ಖರ್ಚಿಲ್ಲ.

ನಮ್ಮ ಬಚ್ಚಲುಮನೆಯ ಬಾಗಿಲ ಹಿಂದೆ, ನೀರು ಸಿಡಿಯದ ಕಡೆ, ಮೊಮ್ಮಗನ ಕೈಯಿಂದ ಕನ್ನಡದಲ್ಲಿ ನಾಲ್ಕು ಸಾಲು ಬರೆಸಿದ್ದೇವೆ: ಮೂತಿಯನ್ನು ಬದಲಾಯಿಸಿದ ದಿನ, ಅರ್ಧ ಇಂಚು, ಒಳತಿರುಪು, ವಾಲ್ವು ಎಲ್ಲಿದೆ, ಸುರಂಗಕ್ಕೆ ದಾರಿ ಯಾವುದು. ಹುಳಿನೀರು ಈ ಮೂತಿಯನ್ನೂ ಒಂದು ದಿನ ತಿಂದೀತು. ಆ ಬರಹದ ಕೆಳಗೆ ಮುಂದಿನವರು ಬರೆಯಲು ಸ್ಥಳ ಬಿಟ್ಟಿದ್ದೇವೆ.